ಡ್ರಾಯಿಂಗ್ ಎಂದರೂ ಚಿತ್ರ, ಪಿಕ್ಚರ್ ಎಂದರೂ ಚಿತ್ರ: ಹಾಗಾದರೆ ವ್ಯತ್ಯಾಸವೇನು?

ಮಗಳ ಇಂಗ್ಲಿಷ್ ಅಭ್ಯಾಸ ಪುಸ್ತಕದ ಒಂದು ಪುಟದಲ್ಲಿ ‘ಪಿಕ್ಚರ್ ನೋಡಿ’ ಎಂದೂ ಮುಂದಿನ ಪುಟದಲ್ಲಿ ‘ಡ್ರಾಯಿಂಗ್ ಮಾಡಿ’ ಎಂದೂ ಇದೆ, ನಿಘಂಟು ತೆಗೆದರೆ ಎರಡಕ್ಕೂ ‘ಚಿತ್ರ’ ಎಂದೇ ಅರ್ಥ ಕೊಟ್ಟಿದೆ, ಹಾಗಾದರೆ ಎರಡು ಪದಗಳೇಕೆ ಎಂದು ಕೇಳಿದ್ದೀರಿ. ನಿಘಂಟು ತಪ್ಪು ಹೇಳಿಲ್ಲ, ಅರ್ಧ ಹೇಳಿ ಬಿಟ್ಟಿದೆ. ಡ್ರಾಯಿಂಗ್ ಎಂಬುದು ಹಾಳೆಯ ಮೇಲಿನದು ಹೇಗೆ ಆಯಿತು ಎಂಬುದನ್ನು ಹೇಳುವ ಹೆಸರು. ಪಿಕ್ಚರ್ ಎಂಬುದು ಅಲ್ಲಿ ಏನು ಕಾಣುತ್ತದೆ ಎಂಬುದನ್ನು ಹೇಳುವ ಹೆಸರು. ಪೆನ್ಸಿಲ್, ಇದ್ದಿಲು, ಸೀಮೆಸುಣ್ಣ, ಶಾಯಿ, ಯಾವುದರಿಂದಲೇ ಆಗಲಿ ಗೆರೆ ಎಳೆದು ಮಾಡಿದ್ದು ಡ್ರಾಯಿಂಗ್. ನೋಡುವವರ ಕಣ್ಣಿಗೆ ಒಂದು ಆಕಾರವನ್ನೋ ದೃಶ್ಯವನ್ನೋ ತಂದು ನಿಲ್ಲಿಸುವಂಥದ್ದೆಲ್ಲ, ಅದನ್ನು ಕೈ ಬರೆದಿರಲಿ, ಕ್ಯಾಮೆರಾ ಹಿಡಿದಿರಲಿ, ಅಚ್ಚಿನ ಯಂತ್ರ ಒತ್ತಿರಲಿ, ಪಿಕ್ಚರ್.

ಎರಡೂ ಪದಗಳ ಹುಟ್ಟನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಡ್ರಾ ಎಂಬ ಕ್ರಿಯಾಪದದ ಹಳೆಯ ಅರ್ಥ ಎಳೆಯುವುದು. ಗಾಡಿ ಎಳೆಯುವುದಕ್ಕೂ ಬಾವಿಯಿಂದ ನೀರು ಸೇದುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ. ಗೆರೆಯ ವಿಷಯದಲ್ಲಿ ನಾವೂ ‘ಎಳೆ’ ಎಂದೇ ಹೇಳುತ್ತೇವೆ. ಪಿಕ್ಚರ್ ಬಂದದ್ದು ಬಣ್ಣ ಬಳಿಯುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. ಪೇಂಟ್ ಎಂಬ ಪದವೂ ಅದರ ಒಡಹುಟ್ಟು. ಸಂಸ್ಕೃತದ ‘ಚಿತ್ರ’ಕ್ಕೂ ಹೊಳೆಯುವ, ಹಲವು ಬಣ್ಣದ, ಬೆರಗು ಹುಟ್ಟಿಸುವ ಎಂಬ ಅರ್ಥಗಳಿದ್ದು, ‘ವಿಚಿತ್ರ’ ಎನ್ನುವಾಗ ಆ ಹಳೆಯ ಬೆರಗು ಇನ್ನೂ ಇಣುಕುತ್ತದೆ. ಆದ್ದರಿಂದ ಪಿಕ್ಚರ್‌ಗೆ ಚಿತ್ರ ಎನ್ನುವುದು ಸಹಜವಾದ ಜೋಡಿ. ಡ್ರಾಯಿಂಗ್‌ಗೆ ಮಾತ್ರ ನಾವು ‘ರೇಖಾಚಿತ್ರ’ ಎಂದು ಮುಂದೊಂದು ಪದ ಸೇರಿಸಿಕೊಳ್ಳಬೇಕಾಯಿತು.

ಆದರೆ ಕನ್ನಡದಲ್ಲಿ ಈ ವ್ಯತ್ಯಾಸವೇ ಇಲ್ಲ ಎಂದು ತಿಳಿಯಬೇಡಿ. ಇಂಗ್ಲಿಷ್ ನಾಮಪದದಲ್ಲಿ ಇಟ್ಟ ವ್ಯತ್ಯಾಸವನ್ನು ಕನ್ನಡ ಕ್ರಿಯಾಪದದಲ್ಲಿ ಇಟ್ಟಿದೆ. ‘ಮಗು ಆನೆಯ ಚಿತ್ರ ಬಿಡಿಸಿತು’ ಅಥವಾ ‘ಬರೆಯಿತು’ ಎಂದರೆ ಪೆನ್ಸಿಲ್ ಕಣ್ಣಮುಂದೆ ಬರುತ್ತದೆ. ‘ಆನೆಯ ಚಿತ್ರ ತೆಗೆದ’ ಎಂದರೆ ಮೈಸೂರು ಕಡೆಯವರಿಗೆ ಕ್ಯಾಮೆರಾ ನೆನಪಾಗುತ್ತದೆ. ಧಾರವಾಡದ ಕಡೆ ಪೆನ್ಸಿಲ್ ಹಿಡಿದವರೂ ಚಿತ್ರ ತೆಗೆಯುತ್ತಾರೆ, ಅದು ಬೇರೆ ಮಾತು. ಇನ್ನು ‘ಬರೆ’ ಎಂಬುದಂತೂ ಅಕ್ಷರಕ್ಕೂ ಚಿತ್ರಕ್ಕೂ ಒಂದೇ. ಹುಲಿಯನ್ನು ನೋಡಿ ನರಿ ಮೈಗೆ ಹಾಕಿಕೊಂಡದ್ದೂ ಬರೆಯೇ, ಅಂದರೆ ಗೆರೆಯೇ. ಆಡುಮಾತಿನಲ್ಲಿ ಈ ಎರಡು ಇಂಗ್ಲಿಷ್ ಪದಗಳು ಮತ್ತೊಂದು ದಾರಿ ಹಿಡಿದಿವೆ: ‘ಪಿಕ್ಚರ್‌ಗೆ ಹೋಗೋಣ’ ಎಂದರೆ ಸಿನಿಮಾ, ‘ಡ್ರಾಯಿಂಗ್ ಇದೆ’ ಎಂದರೆ ಶಾಲೆಯ ಒಂದು ಪೀರಿಯಡ್.

ಈ ವ್ಯತ್ಯಾಸವನ್ನು ನಾನು ಕಲಿತದ್ದು ಪೆಟ್ಟು ತಿಂದು. ಹಲವು ವರ್ಷಗಳ ಹಿಂದೆ ನೀರೆತ್ತುವ ಪಂಪೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುವಾಗ, ‘ಡ್ರಾಯಿಂಗ್ ನೋಡಿ’ ಎಂದಿದ್ದ ಕಡೆಯಲ್ಲೆಲ್ಲ ‘ಚಿತ್ರ ನೋಡಿ’ ಎಂದು ಬರೆದು ಮುಗಿಸಿದ್ದೆ. ಪಂಪಿನ ದಂಡದ ಸುತ್ತ ನೀರು ಸೋರದಂತೆ ಪ್ಯಾಕಿಂಗ್‌ನ ಸುತ್ತುಗಳನ್ನು ತುರುಕಿ, ಅವುಗಳ ನಡುವೆ ಲ್ಯಾಂಟರ್ನ್ ರಿಂಗ್ ಎಂಬ ತೂತುಗಳುಳ್ಳ ಬಳೆಯೊಂದನ್ನು, ಹೊರಗಿನಿಂದ ನೀರು ಬರುವ ರಂಧ್ರಕ್ಕೆ ಸರಿಯಾಗಿ ಕೂರಿಸಬೇಕು. ಫಿಟ್ಟರ್ ನಾನು ಹೇಳಿದಂತೆಯೇ ಚಿತ್ರ ನೋಡಿದ, ಅಂದರೆ ರಟ್ಟಿನ ಮೇಲೆ ಅಚ್ಚಾಗಿದ್ದ ಪಂಪಿನ ಬಣ್ಣದ ಫೋಟೊ ನೋಡಿದ. ಅದರಲ್ಲಿ ಪಂಪಿನ ಹೊರಮೈ ಬಿಟ್ಟು ಏನೂ ಕಾಣದ ಕಾರಣ ಬಳೆಯನ್ನು ತನಗೆ ತೋಚಿದಂತೆ ಕೊನೆಗೆ ಕೂರಿಸಿದ. ನೋಡಬೇಕಾಗಿದ್ದುದು ಒಳಪುಟದಲ್ಲಿದ್ದ ಡ್ರಾಯಿಂಗ್. ಅದರಲ್ಲಿ ಪಂಪನ್ನು ನಡುವೆ ಸೀಳಿದಂತೆ ತೋರಿಸಿ, ಸೀಳಿದ ಲೋಹದ ಮೇಲೆ ಓರೆಗೆರೆಗಳನ್ನು ಎಳೆದು, ದಂಡದ ನಡುಗೆರೆಯನ್ನು ಉದ್ದ–ಗಿಡ್ಡ ತುಂಡುಗಳಲ್ಲಿ ಬರೆದು, ಅಳತೆಗಳನ್ನು ಮಿಲಿಮೀಟರುಗಳಲ್ಲಿ ಕೊಟ್ಟಿದ್ದರು. ಅಂಥ ಪಂಪನ್ನು ಯಾರೂ ಕಣ್ಣಾರೆ ಕಂಡಿರುವುದಿಲ್ಲ. ಅದರ ಕೆಲಸ ಪಂಪು ಹೇಗೆ ಕಾಣುತ್ತದೆಂದು ತೋರಿಸುವುದಲ್ಲ, ಒಳಗೆ ಯಾವುದು ಎಲ್ಲಿದೆ ಎಂದು ತಿಳಿಸುವುದು. ಅದನ್ನು ಪಿಕ್ಚರ್ ಎಂದರೆ ಯಾವ ಇಂಜಿನಿಯರೂ ಒಪ್ಪಲಾರ. ಮುಂದಿನ ಮುದ್ರಣದಲ್ಲಿ ಫೋಟೊ ಇದ್ದಲ್ಲಿ ‘ಚಿತ್ರ’ ಎಂದೂ ಇಂಥ ಕಡೆ ‘ನಕ್ಷೆ’ ಎಂದೂ ತಿದ್ದಿದೆ. ಮನೆ ಕಟ್ಟಿಸುವವರು ನಕ್ಷೆ ಎನ್ನುವುದು ಇದನ್ನೇ ಆದ್ದರಿಂದ ಫಿಟ್ಟರಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಪಿಕ್ಚರ್ ಅಲ್ಲದ ಡ್ರಾಯಿಂಗ್ ಇರುವಂತೆಯೇ, ಪಿಕ್ಚರಿನ ಒಳಗೆ ಅಡಗಿ ಹೋಗುವ ಡ್ರಾಯಿಂಗೂ ಇದೆ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಮೊದಲು ಹುಣಸೆಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ದೇವರ ಆಕೃತಿ, ಪ್ರಭಾವಳಿ, ಒಡವೆಗಳನ್ನೆಲ್ಲ ಗೆರೆಯಲ್ಲಿ ಬರೆದುಕೊಳ್ಳುತ್ತಾರೆ, ಅದು ಡ್ರಾಯಿಂಗ್. ಆಮೇಲೆ ಒಡವೆಯ ಜಾಗಕ್ಕೆ ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿದ ಗೆಸ್ಸೊ ಏರಿಸಿ, ಅದರ ಮೇಲೆ ಚಿನ್ನದ ರೇಕು ಹಚ್ಚಿ, ಉಳಿದ ಕಡೆ ಬಣ್ಣ ತುಂಬುತ್ತಾ ಹೋದಂತೆ ಇದ್ದಿಲಿನ ಗೆರೆ ಮರೆಯಾಗುತ್ತದೆ. ಗೋಡೆಗೆ ತೂಗುಹಾಕಿದ ಮೇಲೆ ಅದನ್ನು ಡ್ರಾಯಿಂಗ್ ಎನ್ನುವವರಿಲ್ಲ. ಗೆರೆ ತಪ್ಪಿದ್ದರೆ ಮಾತ್ರ ಎಷ್ಟು ಚಿನ್ನ ಹಚ್ಚಿದರೂ ದೇವರ ಮುಖ ಸೊಟ್ಟಗೇ ಉಳಿಯುತ್ತದೆ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಇದನ್ನು ಬಲ್ಲದು: ಆಚಾರ್ಯರು ಮೆಚ್ಚುವುದು ರೇಖೆಯನ್ನು, ಬಣ್ಣದ ವೈಭವವನ್ನು ಮೆಚ್ಚುವವರು ಇತರ ಜನ ಎಂದು ಅದು ಹೇಳುತ್ತದೆ. ‘ಇತರ ಜನ’ರಲ್ಲಿ ನಾನೂ ಒಬ್ಬ ಎಂದು ಒಪ್ಪಿಕೊಳ್ಳುವುದೇ ಒಳ್ಳೆಯದು.

ಎರಡೂ ಒಂದೇ ಆಗುವುದೂ ಉಂಟು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996) ನರ್ತಕಿಯರನ್ನೂ ವಾದ್ಯಗಾರರನ್ನೂ ಕೆಲವೇ ಗೆರೆಗಳಲ್ಲಿ ಬರೆದಿರುವುದನ್ನು ನೋಡಿ. ಅಲ್ಲಿ ಬಣ್ಣವಿಲ್ಲ, ನೆರಳಿಲ್ಲ, ಮೇಲೆ ಏನನ್ನಾದರೂ ತುಂಬುವ ಉದ್ದೇಶವೂ ಇಲ್ಲ; ಆದರೂ ನೃತ್ಯ ಕಾಣುತ್ತದೆ. ಗೆರೆಯಿಂದ ಆದದ್ದರಿಂದ ಅದು ಡ್ರಾಯಿಂಗ್, ನೃತ್ಯವನ್ನು ತೋರಿಸುವುದರಿಂದ ಪಿಕ್ಚರ್. ಮಗುವಿಗೆ ‘ಡ್ರಾ ಎ ಪಿಕ್ಚರ್’ ಎಂದು ಹೇಳಿದಾಗ ಕೇಳುತ್ತಿರುವುದೂ ಇದನ್ನೇ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಪಿಕ್ಚರ್ ಹಾಳೆಯಿಲ್ಲದೆಯೂ, ಬರಿಯ ಮನಸ್ಸಿನಲ್ಲೂ ಇರಬಲ್ಲದು. ಅಜ್ಜಿ ಊರಿನ ಜಾತ್ರೆಯನ್ನು ವರ್ಣಿಸಿದರೆ ಕೇಳುವವರ ಮನಸ್ಸಿನಲ್ಲಿ ಒಂದು ಚಿತ್ರ ಮೂಡುತ್ತದೆ. ಡ್ರಾಯಿಂಗ್‌ಗೆ ಮಾತ್ರ ಯಾವುದಾದರೊಂದು ಮೇಲ್ಮೈಯೂ ಅದರ ಮೇಲೆ ಓಡಿದ ಒಂದು ಗೆರೆಯೂ ಬೇಕೇ ಬೇಕು.

ನಿಮ್ಮ ಮಗಳ ಪುಸ್ತಕದ ಆ ಎರಡು ಸಾಲುಗಳನ್ನು ನಾನಾದರೆ ಹೀಗೆ ಕನ್ನಡಿಸುತ್ತಿದ್ದೆ: ಮೊದಲನೆಯದು ‘ಚಿತ್ರ ನೋಡಿ’, ಎರಡನೆಯದು ‘ಚಿತ್ರ ಬರೆಯಿರಿ’. ನೀವು ಧಾರವಾಡದ ಕಡೆಯವರಾದರೆ ‘ತೆಗೆಯಿರಿ’ ಎಂದರೂ ಅವಳು ಪೆನ್ಸಿಲನ್ನೇ ಹುಡುಕುತ್ತಾಳೆ.