ಕ್ರಿಯಾಪದದ ಬಾಲಕ್ಕೂ ಒಂದು ಸರದಿ

ಪ್ರಶ್ನೆ: ನಮ್ಮ ಕಡೆ 'ಕಬ್ಬು ಕಡಿಸ್ತಾವ್ನೆ' ಅನ್ನುತ್ತೇವೆ, ಪುಸ್ತಕದಲ್ಲಿ 'ಕಡಿಸುತ್ತಿದ್ದಾನೆ'. ಎರಡರಲ್ಲೂ 'ಸು' ಮೊದಲು, ಯಾರು ಅನ್ನುವುದು ಕೊನೆಗೆ. ಈ ಸರದಿ ಕನ್ನಡಕ್ಕೆ ಮಾತ್ರವೊ?
– ಓದುಗರು, ಮಂಡ್ಯ

ಉತ್ತರ: ಅಲ್ಲ. 'ಕಡಿಸಿದೆನು' ಬಿಡಿಸಿದರೆ ಕಡಿ + ಇಸು + ದ + ಎನು: ಧಾತು, ಪ್ರೇರಣಾರ್ಥಕ (ಬೇರೆಯವರಿಂದ ಮಾಡಿಸುವುದು), ಕಾಲಸೂಚಕ, ಆಖ್ಯಾತ ಪ್ರತ್ಯಯ (ಯಾರು ಎಂದು ತಿಳಿಸುವುದು). ನಮ್ಮ ಕುಟುಂಬಕ್ಕೆ ಸೇರದ ಟರ್ಕಿ ಭಾಷೆಯಲ್ಲಿ 'ಕೆಸ್ತಿರ್ದಿಮ್' ಅಂದರೂ ಕಡಿಸಿದೆ ಎಂದೇ: ಕೆಸ್ ಧಾತು, ತಿರ್ ನಮ್ಮ 'ಇಸು', ದಿ ಭೂತಕಾಲ, ಮ್ ಅಂದರೆ ನಾನು.

ಜೋನ್ ಬೈಬಿ ಎಂಬ ಭಾಷಾವಿಜ್ಞಾನಿ 50 ಭಾಷೆಗಳನ್ನು ಹೋಲಿಸಿ 1985ರಲ್ಲಿ ಇದನ್ನು ವಿವರಿಸಿದರು. ಧಾತುವಿನ ಅರ್ಥವನ್ನು ಹೆಚ್ಚು ಬದಲಿಸುವ ಪ್ರತ್ಯಯ ಅದಕ್ಕೆ ಹತ್ತಿರ ನಿಲ್ಲುತ್ತದೆ: ಮೊದಲು ಪ್ರೇರಣೆ, ಕರ್ಮಣಿ ('ಕಡಿಯಲ್ಪಟ್ಟಿತು' ಎಂಬಂಥದ್ದು); ಆಮೇಲೆ ಕೆಲಸ ಮುಗಿದಿದೆಯೊ ನಡೆಯುತ್ತಿದೆಯೊ ಎಂಬುದು; ಆಮೇಲೆ ಕಾಲ, ಕೊನೆಗೆ ಪುರುಷ, ಅಂದರೆ ನಾನೊ ನೀನೊ ಅವಳೊ ಎಂಬುದು. 'ಇಸು' ಸೇರಿದರೆ ಕತ್ತಿ ಹಿಡಿದವನೊಬ್ಬ, ಕೂಲಿ ಕೊಡುವವನೊಬ್ಬ. ಕೆಲಸದ ಸ್ವರೂಪವೇ ಬೇರೆ. 'ಎನು' ಹೋಗಿ 'ಅಳು' ಬಂದರೂ ಕಟಾವು ಕಟಾವೇ.

ಕಾಲ, ಪುರುಷದ ಪ್ರತ್ಯಯಗಳು ಧಾತುವಿಗಿಂತ ಮೊದಲೇ ಬರುವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಇದೇ ಸರದಿ ತಲೆಕೆಳಗು. 'ಅಲಿಕತ', ಅಂದರೆ ಅವನು ಕಡಿದ: ಅ ಪುರುಷ, ಲಿ ಭೂತಕಾಲ, ಕತ ಧಾತು. ಧಾತುವಿನಿಂದ ಎಣಿಸಿದರೆ ಇಲ್ಲೂ ಕಾಲ ಒಳಗೆ, ಪುರುಷ ಹೊರಗೆ. ಆದರೆ ಕಡಿದದ್ದು ಮರವಾದರೆ 'ಅಲಿಉಕತ'. ಕರ್ಮ ಸೂಚಿಸುವ 'ಉ' ಕಾಲವನ್ನೂ ದಾಟಿ ಧಾತುವಿಗೇ ಅಂಟುತ್ತದೆ. ಅಮೆರಿಕದ ನವಾಹೊ ಭಾಷೆ ಇನ್ನೂ ತಂಟೆಕೋರ: ಅಲ್ಲಿ ಕರ್ತೃವಿನ ಗುರುತು ಧಾತುವಿನ ಬಳಿ, ಅರ್ಥ ಬದಲಿಸುವ ಎಷ್ಟೋ ಪೂರ್ವಪ್ರತ್ಯಯಗಳು ದೂರ. ಹಾಗಾಗಿ ಇದನ್ನು ನಿಯಮವೆನ್ನದೆ ಒಲವು ಎನ್ನುವುದೇ ಸರಿ.

ನೀವೇ ಬಿಡಿಸುವುದಾದರೆ ಒಮ್ಮೆಗೆ ಒಂದನ್ನೇ ಬದಲಿಸಿ. 'ಕಡಿಸಿದನು, ಕಡಿಸಿದಳು' ಪಕ್ಕಪಕ್ಕ ಇಟ್ಟರೆ ಪುರುಷದ ತುಂಡು ಬೇರೆಯಾಗುತ್ತದೆ. 'ಕಡಿಸಿದನು, ಕಡಿಸುವನು' ಇಟ್ಟರೆ ಕಾಲದ್ದು. 'ಕಡಿದನು, ಕಡಿಸಿದನು' ಇಟ್ಟರೆ 'ಇಸು'. ಹಳೆಯ ನಿಷೇಧರೂಪ 'ಕಡಿಸೆನು' ಸಿಕ್ಕರೆ ಕಾಲಸೂಚಕ ಹುಡುಕಬೇಡಿ, ಅಲ್ಲಿ ಅದು ಇರುವುದಿಲ್ಲ. ಆದರೂ 'ಇಸು' ಒಳಗೇ, 'ಎನು' ಹೊರಗೇ.

ಹೆಚ್ಚಿನವರು ಎಡವುವುದು ಸಹಾಯಕ ಕ್ರಿಯಾಪದಗಳಲ್ಲಿ. 'ಕಡಿಸ್ತಾವ್ನೆ' ಒಂದೇ ಪದದಂತೆ ಕೇಳಿಸಿದರೂ ಅದು ಕಡಿಸ್ತಾ + ಅವ್ನೆ. ಈ 'ಅವ್ನೆ' ನಿಮ್ಮೂರಿನ 'ಮನೇಲವ್ನೆ'ಯಲ್ಲಿ ಇರುವುದೇ, ಅಂದರೆ 'ಇದ್ದಾನೆ'. 'ಕಡಿಸುತ್ತಿದ್ದಾನೆ'ಯೂ ಹಾಗೆಯೇ ಎರಡು ಕ್ರಿಯಾಪದ. ಒಂದೊಂದರ ಸರದಿಯನ್ನೂ ಬೇರೆಬೇರೆಯಾಗಿಯೇ ಎಣಿಸಬೇಕು.