ಆ ಅಜ್ಜಿ ಯಾರ ಅಜ್ಜಿ?

ಈ ವಾರದ ಜಾಗವೆಲ್ಲ ಒಂದೇ ಪತ್ರಕ್ಕೆ. ಬರೆದವರು ಶಿವಮೊಗ್ಗ ಜಿಲ್ಲೆಯ ಇಪ್ಪತ್ತಾರು ವರ್ಷದ ಜಾದೂಗಾರರು, ಹೆಸರು ಬೇಡ ಅಂದಿದ್ದಾರೆ.

"ಮನೆಯಲ್ಲಿ ನಾನು, ಅಮ್ಮ, ಅಜ್ಜಿ ಮೂವರೇ" ಎಂದು ಪತ್ರ ಶುರುವಾಗುತ್ತದೆ. ವಾರವಿಡೀ ಮೊಬೈಲ್ ಅಂಗಡಿಯ ಕೆಲಸ. ಶನಿವಾರ, ಭಾನುವಾರ ಬರ್ತ್‌ಡೇ, ಶಾಲೆಯ ವಾರ್ಷಿಕೋತ್ಸವ, ಗಣಪತಿ ಪೆಂಡಾಲು ಎಂದು ಮ್ಯಾಜಿಕ್ ಶೋ. ಪಕ್ಕದ ಜಿಲ್ಲೆಯ ಹಿರಿಯ ಜಾದೂಗಾರರೊಬ್ಬರ ಲಾಟೀನು ಐಟಂ ನೋಡಿ ಮನಸೋತು, ಫೋನಿನಲ್ಲಿ ವಿಡಿಯೊ ಮಾಡಿಕೊಂಡು, ಈಗ ತಾವೂ ಅದನ್ನೇ ಮಾಡುತ್ತಿದ್ದಾರೆ. ಹನ್ನೊಂದು ಶೋ ಆಗಿದೆ. ರೀಲ್ ಕೂಡ ಹಾಕಿದ್ದಾರೆ. ಅದನ್ನು ನೋಡಿ ಹಿರಿಯರು ಫೋನ್ ಮಾಡಿದರು. ಬೈಯಲಿಲ್ಲ. "ಲಾಟೀನು ಎಲ್ಲಿ ಮಾಡಿಸಿದೆ ಮಗಾ?" ಎಂದಷ್ಟೇ ಕೇಳಿದರು. ಇವರು ಕರೆ ಕಟ್ ಮಾಡಿಬಿಟ್ಟರು. ಬರುವ ಭಾನುವಾರ ಅದೇ ಹಿರಿಯರ ಊರಿನ ಸಮುದಾಯ ಭವನದಲ್ಲಿ ಶೋ ಇದೆ, ಲಾಟೀನು ಬೇಕೇ ಬೇಕೆಂದು ಆಯೋಜಕರ ಹಟ. "ಮ್ಯಾಜಿಕ್‌ನಲ್ಲಿ ಯಾವುದಪ್ಪ ಸ್ವಂತ? ಗರಗಸದಲ್ಲಿ ಹೆಂಗಸನ್ನ ಕೊಯ್ಯೋದು ಎಲ್ಲರೂ ಮಾಡ್ತಾರೆ" ಎಂಬುದು ಗೆಳೆಯರ ಸಮಾಧಾನ.

ಅವರ ಪ್ರಶ್ನೆ ಮೂರು. ನಾನು ಮಾಡಿದ್ದು ತಪ್ಪೇ? ಅವರು ಕೇಸ್ ಹಾಕಬಹುದೇ? ಹಿರಿಯರ ಶೋನಲ್ಲಿ ಯಾರಿಗೂ ಸಿಗದ ಗುಟ್ಟು, ನನ್ನ ಪೆಂಡಾಲಿನಲ್ಲಿ ಹತ್ತು ವರ್ಷದ ಹುಡುಗನಿಗೆ ಸಿಕ್ಕಿ "ಸ್ವಿಚ್ಚು, ಸ್ವಿಚ್ಚು" ಎಂದು ಕೂಗಿದ್ದು ಹೇಗೆ?

ಐಟಂ ಹೇಗಿದೆ ಎಂದು ನೀವೇ ಚೆನ್ನಾಗಿ ಬರೆದಿದ್ದೀರಿ. ಖಾಲಿ ರಂಗ, ಒಂದು ಸ್ಟೂಲು, ಅದರ ಮೇಲೆ ಆರಿದ ಲಾಟೀನು. ಚಿಕ್ಕವನಿದ್ದಾಗ ರಾತ್ರಿ ಕೊನೇ ಬಸ್ಸಿಗೆ ಬರುವ ತನಗಾಗಿ ಅಜ್ಜಿ ಲಾಟೀನು ಹಿಡಿದು ರಸ್ತೆಯಲ್ಲಿ ನಿಂತಿರುತ್ತಿದ್ದಳು ಎಂದು ಹಿರಿಯರು ಹೇಳುತ್ತಾರೆ. ಅಜ್ಜಿ ತೀರಿಕೊಂಡ ಮೇಲೆ ಮೊದಲ ಸಲ ಬಸ್ಸಿಳಿದಾಗ ರಸ್ತೆ ಪೂರಾ ಕತ್ತಲು. ಅಷ್ಟು ಹೇಳಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಖಾಲಿ ಕೈಗಳನ್ನು ತೋರಿಸುತ್ತಾರೆ. "ಅಜ್ಜೀ, ಬಂದೆ" ಅನ್ನುತ್ತಾರೆ. ಲಾಟೀನು ತಾನಾಗಿ ಹತ್ತಿಕೊಳ್ಳುತ್ತದೆ.

ಪತ್ರದ ಮೂರನೇ ಪುಟದಲ್ಲಿ, ಆವರಣದೊಳಗೆ, ಹೀಗೊಂದು ಸಾಲು ಹಾಕಿದ್ದೀರಿ: "ಮಾತು ಕೂಡ ಅವರದ್ದೇ ಇಟ್ಟುಕೊಂಡಿದ್ದೇನೆ, ಅಜ್ಜಿ ಕಥೆ ಇದ್ದರೆ ಜನ ಅಳುತ್ತಾರೆ."

ಇದನ್ನು ಆವರಣದಲ್ಲಿ ಹಾಕಬಾರದಿತ್ತು. ಇಡೀ ಪತ್ರ ಇರುವುದೇ ಆ ಸಾಲಿನಲ್ಲಿ. ಮೊದಲ ಪುಟದಲ್ಲಿ ನಿಮ್ಮ ಅಜ್ಜಿ ಮನೆಯಲ್ಲಿದ್ದಾರೆ. ಹನ್ನೊಂದು ಶೋಗಳಲ್ಲಿ ನೀವು ಅವರನ್ನು ತೀರಿಸಿದ್ದೀರಿ. ಇನ್ನೊಬ್ಬರ ಮನೆಯ ಸಾವನ್ನು ತಂದು ನಿಮ್ಮದೆಂದು ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೀರಿ. ಆ ಹಿರಿಯರು ರೀಲ್ ನೋಡುವಾಗ ಕೇಳಿಸಿಕೊಂಡದ್ದು ತಮ್ಮ ಅಜ್ಜಿಯನ್ನು ಬೇರೊಬ್ಬ ಹುಡುಗ "ಅಜ್ಜೀ" ಎಂದು ಕರೆಯುವುದನ್ನು. ಅವರು ಲಾಟೀನಿನ ಬಗ್ಗೆ ಮಾತ್ರ ಕೇಳಿದರಲ್ಲ, ಅದು ಅವರ ದೊಡ್ಡತನ.

ಮ್ಯಾಜಿಕ್‌ನಲ್ಲಿ ಜನರ ಕಣ್ಣಿಗೆ ಕಾಣುವುದು ಎಫೆಕ್ಟ್. ಅದನ್ನು ಸಾಧಿಸುವ ದಾರಿ ಮೆಥಡ್. ಅದಕ್ಕೆ ಹಾಕುವ ಉಡುಗೆ, ಅಂದರೆ ಮಾತು, ನಡಿಗೆ, ಮೌನ, ಇವೆಲ್ಲ ಪ್ರೆಸೆಂಟೇಶನ್. ಆರಿದ ದೀಪ ತಾನಾಗಿ ಹತ್ತಿಕೊಳ್ಳುವುದು ಹಳೇ ಎಫೆಕ್ಟ್, ಅದಕ್ಕೆ ಯಾರೂ ಒಡೆಯರಿಲ್ಲ. ಬಟ್ಟಲು ಮತ್ತು ಚೆಂಡು, ಬಳೆ ಜೋಡಿಸುವುದು, ಹಗ್ಗ ಕತ್ತರಿಸಿ ಕೂಡಿಸುವುದು, ಬುಟ್ಟಿಯಾಟ, ಮಾವಿನ ಗಿಡ, ಇವು ಎಲ್ಲರ ಆಸ್ತಿ. ದುಡ್ಡು ಕೊಟ್ಟು ಕೊಂಡ ಟ್ರಿಕ್ಕಿಗೆ ಅದರ ಜೊತೆ ಬರುವ ಹಾಳೆಯೇ ಕಟ್ಟಳೆ. ಸಾಮಾನ್ಯವಾಗಿ ರಂಗದ ಮೇಲೆ ಮಾಡಲು ಅವಕಾಶ ಇರುತ್ತದೆ, ಟಿವಿಗೆ ಬೇರೆ ಒಪ್ಪಿಗೆ ಬೇಕು, ಇನ್ನೊಂದು ಪ್ರತಿ ಮಾಡಿಸಿ ಮಾರುವಂತಿಲ್ಲ. ಆದರೆ ಒಬ್ಬ ಕಲಾವಿದ ತನ್ನ ಬದುಕಿನಿಂದ ಹೆಕ್ಕಿ ಕಟ್ಟಿದ ಐಟಂ ಅವನದ್ದು. ಕೇಳದೆ ಮುಟ್ಟಬಾರದು. ಅವನ ಮಾತನ್ನಂತೂ ಕೇಳಿಯೂ ಮುಟ್ಟಬಾರದು. ಜಾದೂಗಾರನ ನಿಜವಾದ ಗುಟ್ಟು ಪೆಟ್ಟಿಗೆಯಲ್ಲಿರುವುದಿಲ್ಲ, ಮಾತಿನಲ್ಲಿರುತ್ತದೆ.

ಗರಗಸದ ಮಾತಿಗೆ ಬರೋಣ. ಇಂಗ್ಲೆಂಡಿನ ಜಾದೂಗಾರ ಪಿ.ಟಿ. ಸೆಲ್ಬಿಟ್ 1921ರ ಜನವರಿಯಲ್ಲಿ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಎಂಪೈರ್ ರಂಗಮಂದಿರದಲ್ಲಿ ಪೆಟ್ಟಿಗೆಯೊಳಗಿನ ಹೆಂಗಸನ್ನು ಕೊಯ್ದು ತೋರಿಸಿದಾಗ ಅದು ಎಲ್ಲರದ್ದಾಗಿರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಜಾದೂಗಾರ ಹೊರೇಸ್ ಗೋಲ್ಡಿನ್ ತಮ್ಮದೇ ರೀತಿಯಲ್ಲಿ ಅದನ್ನು ಮಾಡಿದರು, ಯಾರು ಮೊದಲು ಎಂಬ ಜಗಳ ಹತ್ತಿಕೊಂಡಿತು. ಗೋಲ್ಡಿನ್ 1923ರಲ್ಲಿ ಪೇಟೆಂಟ್ ಮಾಡಿಸಿದರು. ಪೇಟೆಂಟ್ ಎಂದರೆ ಗುಟ್ಟನ್ನು ಚಿತ್ರ ಸಮೇತ ಸರ್ಕಾರಿ ಕಡತದಲ್ಲಿ ಬರೆದಿಡುವುದು, ಬೇಕಾದವರು ತೆಗೆದು ಓದಬಹುದು. 1933ರಲ್ಲಿ ಸಿಗರೇಟ್ ಕಂಪನಿಯೊಂದು ಆ ಗುಟ್ಟನ್ನೇ ಜಾಹೀರಾತಿನಲ್ಲಿ ಹಾಕಿತು. ಗೋಲ್ಡಿನ್ ಕೋರ್ಟಿಗೆ ಹೋದರು, ಸೋತರು. ನೂರು ವರ್ಷ ಕಳೆದ ಮೇಲೆ ಇಂದು ಅದು ಎಲ್ಲರದ್ದು. ನಿಮ್ಮ ಹಿರಿಯರ ಲಾಟೀನಿಗೆ ನೂರು ವರ್ಷ ಆಗಿಲ್ಲ, ಮಾಡಿದವರು ಇನ್ನೂ ರಂಗದ ಮೇಲಿದ್ದಾರೆ. ಗೆಳೆಯರಿಗೆ ಇಷ್ಟು ಹೇಳಿ.

ಕೇಸಿನ ಪ್ರಶ್ನೆ. ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ನಾಟಕಕೃತಿ ಎಂಬುದರೊಳಗೆ ಮೂಕಾಭಿನಯವನ್ನೂ ಸೇರಿಸಿದೆ, ಅದು ಬರಹದಲ್ಲೋ ಬೇರೆ ರೂಪದಲ್ಲೋ ದಾಖಲಾಗಿರಬೇಕು ಅಷ್ಟೆ. ಪ್ರದರ್ಶಕರು ಯಾರು ಎಂದು ಹೇಳುವಲ್ಲಿ ನಟ, ಗಾಯಕರ ಸಾಲಿನಲ್ಲೇ ಜಾದೂಗಾರರನ್ನೂ ಹಾವಾಡಿಗರನ್ನೂ ಹೆಸರಿಸಿದೆ. ಗುಟ್ಟಿಗೆ ಕೃತಿಸ್ವಾಮ್ಯ ಇಲ್ಲ. ಬರೆದಿಟ್ಟ ಮಾತಿಗೆ, ದಾಖಲಾದ ಅಭಿನಯಕ್ಕೆ ಇದೆ. ಅಮೆರಿಕದ ಜಾದೂಗಾರ ಟೆಲ್ಲರ್ ಅವರ ಗುಲಾಬಿ ಐಟಂ ನೋಡಿ: ಹೂದಾನಿಯಲ್ಲೊಂದು ಗುಲಾಬಿ, ಹಿಂದಿನ ಬಿಳಿ ಹಾಳೆಯ ಮೇಲೆ ಅದರ ನೆರಳು. ಅವರು ಚಾಕುವಿನಿಂದ ನೆರಳನ್ನು ಕೊಯ್ದರೆ ಇತ್ತ ನಿಜವಾದ ಹೂವಿನ ಎಸಳು ಉದುರುತ್ತದೆ. ಅದನ್ನವರು 1983ರಲ್ಲೇ ಮೂಕಾಭಿನಯವೆಂದು ನೋಂದಾಯಿಸಿದ್ದರು. 2012ರಲ್ಲಿ ಯುರೋಪಿನ ಪ್ರದರ್ಶಕರೊಬ್ಬರು ಅಂಥದ್ದೇ ಐಟಂನ ವಿಡಿಯೊ ಹಾಕಿ ಗುಟ್ಟನ್ನು ಮಾರಾಟಕ್ಕಿಟ್ಟಾಗ ದಾವೆ ಹೂಡಿದರು. 2014ರಲ್ಲಿ ನೆವಾಡದ ಫೆಡರಲ್ ಕೋರ್ಟು ಕೃತಿಸ್ವಾಮ್ಯದ ಉಲ್ಲಂಘನೆ ಆಗಿದೆ ಎಂದಿತು. ಹಾಗಾಗಿ ಹಿರಿಯರು ನಿಮ್ಮ ಮೇಲೆ ಕೇಸ್ ಹಾಕಬಹುದು. ಹಾಕುವ ಮನಸ್ಸಿದ್ದವರು "ಮಗಾ" ಎನ್ನುತ್ತಿರಲಿಲ್ಲ.

ನನಗೆ ನಿಮ್ಮ ಮೇಲಿಗಿಂತ ಹೆಚ್ಚು ಸಿಟ್ಟು ಬಂದಿರುವುದು, ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗುವ ಆ ಪ್ರಾಪ್ಸ್, ಅಂದರೆ ಜಾದೂ ಸಾಮಾನು, ಮಾಡುವವರ ಮೇಲೆ. ವಿಡಿಯೊ ತೋರಿಸಿದ ಕೂಡಲೇ "ಅವರಿಗೆ ಮಾಡಿಕೊಟ್ಟಿದ್ದೇ ನಾನು, ಅಳತೆ ಇದೆ, ಒಂಬತ್ತು ಸಾವಿರಕ್ಕೆ ಮಾಡಿಕೊಡ್ತೀನಿ" ಅಂದರಂತೆ. ಅಳತೆ ಅವರ ಡೈರಿಯಲ್ಲಿದ್ದರೂ ಆಲೋಚನೆ ಅವರದ್ದಲ್ಲ. ಹಿರಿಯರು ಎಷ್ಟು ಸಲ ಅದನ್ನು ಬಿಚ್ಚಿಸಿ ಕಟ್ಟಿಸಿರಬೇಕು, ಎಷ್ಟು ತಿಂಗಳು ಓಡಾಡಿರಬೇಕು. ಪ್ರಾಪ್ಸ್ ಮಾಡುವವರು ಜಾದೂಗಾರನಿಗೆ ವೈದ್ಯರಿದ್ದ ಹಾಗೆ, ಒಬ್ಬರ ಮೈಯೊಳಗಿನದ್ದನ್ನು ಇನ್ನೊಬ್ಬರಿಗೆ ಹೇಳಬಾರದು. ಜಾದೂಗಾರ ರಾಬರ್ಟ್ ಹಾರ್ಬಿನ್ 1965ರಲ್ಲಿ ಜಿಗ್ ಜಾಗ್ ಎಂಬ ಐಟಂ ತಂದರು: ನಿಂತ ಪೆಟ್ಟಿಗೆಯೊಳಗಿನ ಹೆಂಗಸಿನ ನಡು ಪಕ್ಕಕ್ಕೆ ಸರಿದುಬಿಡುತ್ತದೆ. ಕದ್ದವರು ಬಹಳ. ಕೊನೆಗೆ 1970ರಲ್ಲಿ ಅದರ ವಿವರ ಇರುವ ಪುಸ್ತಕವನ್ನು ಐನೂರೇ ಪ್ರತಿ ಅಚ್ಚು ಮಾಡಿಸಿ, ಕೊಂಡವರಿಗೆ ಕಟ್ಟಿಸಿಕೊಳ್ಳುವ ಹಕ್ಕು ಕೊಟ್ಟರು. ಹಕ್ಕು ಕೊಡುವವರು ಮಾಡಿದವರೇ ಆಗಿರಬೇಕು, ಬಡಗಿ ಅಲ್ಲ. ಇನ್ನು ಮುಂದೆ ಆ ಅಂಗಡಿಗೆ ನಿಮ್ಮ ಸ್ವಂತ ಐಟಂ ಒಯ್ಯಬೇಡಿ. ನಾಳೆ ನಿಮ್ಮ ಅಳತೆಯೂ ಬೇರೊಬ್ಬರಿಗೆ ಹೋಗುತ್ತದೆ.

ಹುಡುಗ ಕೂಗಿದ್ದಕ್ಕೆ ಕಾರಣ ನಿಮ್ಮ ವಿಡಿಯೊದಲ್ಲೇ ಇದೆ. ನೀವು ಅದನ್ನು ಸಭಾಂಗಣದ ಬಲಬದಿಯ ಕುರ್ಚಿಯಿಂದ ತೆಗೆದಿದ್ದೀರಿ. ಆ ಕುರ್ಚಿಗೆ ಕಂಡದ್ದು ಮಾತ್ರ ನಿಮಗೆ ಗೊತ್ತು. ಎಡದಿಂದ, ಬಾಲ್ಕನಿಯಿಂದ ಏನು ಕಾಣಬಾರದೆಂದು ಅವರು ಮೈ ತಿರುಗಿಸಿದರೋ ಅದು ವಿಡಿಯೊದಲ್ಲಿ ಇಲ್ಲ. ಪೆಂಡಾಲಿನಲ್ಲಂತೂ ಮಕ್ಕಳು ರಂಗದ ಮೂರು ಕಡೆ ಕೂರುತ್ತಾರೆ, ಅದೂ ನೆಲದ ಮೇಲೆ. ಸ್ಟೂಲಿನ ತಳ ಅವರ ಕಣ್ಣ ಮಟ್ಟಕ್ಕೆ ಬರುತ್ತದೆ. ಎರಡನೆಯದು, "ದೂರದಲ್ಲಿ ಬಸ್ಸಿನ ಬೆಳಕು ಕಾಣ್ತಿತ್ತು" ಎನ್ನುವಾಗ ಅವರು ಬಲಕ್ಕೆ ಕತ್ತೆತ್ತಿ ಮೂರು ಸೆಕೆಂಡು ಸುಮ್ಮನಿರುತ್ತಾರೆ ಎಂದು ನೀವೇ ಬರೆದಿದ್ದೀರಿ. ಆ ಬಸ್ಸು ಅವರಿಗೆ ನಿಜವಾಗಿ ಕಾಣುತ್ತದೆ, ಹಾಗಾಗಿ ಜನರ ಕಣ್ಣೂ ಅತ್ತ ಹೋಗುತ್ತದೆ. ಆ ಮೂರು ಸೆಕೆಂಡಿನಲ್ಲಿ ಕೈ ಕೆಲಸ ಮುಗಿಯುತ್ತದೆ. ನೀವು ಅತ್ತ ನೋಡುವಾಗ ನಿಮಗಲ್ಲಿ ಬಸ್ಸಿಲ್ಲ. ನಿಮ್ಮ ಗಮನ ಪೂರ್ತಿ ಕೈ ಮೇಲೆ, ಹುಡುಗನ ಗಮನವೂ ಅಲ್ಲೇ. ಬಾಯಿಪಾಠ ಮಾಡಿದ ಮಾತು ಕೈಯನ್ನು ಮುಚ್ಚುವುದಿಲ್ಲ. ಎಷ್ಟು ಅಭ್ಯಾಸ ಮಾಡಿದರೂ ಇದು ಸರಿಹೋಗುವ ದೋಷವಲ್ಲ.

ಮುಂದೆ ಯಾವ ಐಟಂ ಕಟ್ಟಿದರೂ ಒಂದು ನೋಟ್‌ಬುಕ್ಕಿನ ಪುಟಕ್ಕೆ ಗೀಟೆಳೆದು ಮೂರು ಅಂಕಣ ಮಾಡಿಕೊಳ್ಳಿ: ಹೇಳುವ ಸಾಲು, ಆಗ ಕೈ ಏನು ಮಾಡುತ್ತಿದೆ, ಎಷ್ಟು ಸೆಕೆಂಡು. ಕೈ ಕೆಲಸ ಇರುವ ಕಡೆ ಸಾಲು ಖಾಲಿ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತೀರಿ. ನಾಲ್ಕು ನಿಮಿಷಕ್ಕೆ ಮುನ್ನೂರೈವತ್ತು ಪದ ಧಾರಾಳ. ಪ್ರತಿ ಸಾಲಿನ ಮುಂದೆ ಇದು ಯಾರ ಮಾತು ಎಂದು ಕೇಳಿಕೊಳ್ಳಿ, ನಿಮ್ಮದಲ್ಲದ್ದನ್ನು ಹೊಡೆದುಹಾಕಿ. ಹಗ್ಗದಾಟ ಚೆನ್ನಾಗಿ ಬರುತ್ತದೆ ಎಂದಿದ್ದೀರಿ, ಅದರಿಂದಲೇ ಶುರು ಮಾಡಿ. ಹಗ್ಗ ಎಲ್ಲರದ್ದು.

ರೀಲ್ ಇವತ್ತೇ ತೆಗೆಯಿರಿ. ಅದನ್ನು ಮೊದಲು ನೋಡಿದವರು ನಾಳೆ ಹಿರಿಯರ ಶೋಗೆ ಹೋದರೆ, "ಈ ಮುದುಕರು ಆ ಹುಡುಗನ ಐಟಂ ಹೊಡೆದಿದ್ದಾರೆ" ಎಂದುಕೊಳ್ಳುತ್ತಾರೆ. ಅವರಿಗೆ ಆಗುತ್ತಿರುವ ನಷ್ಟದಲ್ಲಿ ಇದೇ ದೊಡ್ಡದು. ಭಾನುವಾರದ ಶೋನಲ್ಲಿ ಲಾಟೀನು ಇಲ್ಲ, ಹಗ್ಗ ಇರುತ್ತದೆ ಎಂದು ಆಯೋಜಕರಿಗೆ ಈಗಲೇ ಹೇಳಿ. ಒಪ್ಪದಿದ್ದರೆ ಅಡ್ವಾನ್ಸ್ ವಾಪಸ್ ಕೊಡಿ.

ಆಮೇಲೆ ಇರುವುದು ಒಂದೇ ಕೆಲಸ. ಶನಿವಾರ ಬೆಳಗಿನ ಬಸ್ಸಿಗೆ ಹಿರಿಯರ ಮನೆಗೆ ಹೋಗಿ. ವಾಟ್ಸ್ಆ್ಯಪ್ ಬೇಡ, ಫೋನೂ ಬೇಡ. ಸ್ಫೂರ್ತಿ, ಗೌರವ, ಅಭಿಮಾನಿ ಎಂಬ ಮಾತುಗಳನ್ನು ಬಾಗಿಲಲ್ಲೇ ಬಿಡಿ. ಹನ್ನೊಂದು ಶೋ ಮಾಡಿದೆ, ಮಾತೂ ನಿಮ್ಮದೇ ಹೇಳಿದೆ ಎಂದು ಲೆಕ್ಕ ಒಪ್ಪಿಸಿ. ಬೇಡ ಎಂದರೆ ವಾದಿಸದೆ ಬನ್ನಿ. ಅವರಾಗಿ ದೀಪದ ಮೆಥಡ್ ಬಳಸಿಕೋ ಎಂದರೆ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಿ: ಯಾರು ಮಾಡಬಹುದು, ರಂಗಕ್ಕೆ ಮಾತ್ರವೋ ವಿಡಿಯೊಗೂ ಸೇರಿಯೋ, ಇನ್ನೊಂದು ಮಾಡಿಸಬಹುದೇ, ತಾರೀಖು ಮತ್ತು ಸಹಿ. ಅಜ್ಜಿಯನ್ನು ಮಾತ್ರ ಕೇಳಬೇಡಿ, ಅವರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಹೋಗುವಾಗ ಲಾಟೀನನ್ನು ಚೀಲದಲ್ಲಿಟ್ಟುಕೊಂಡು ಹೋಗಿ. ಎಲ್ಲಿ ಮಾಡಿಸಿದೆ ಎಂದು ಅವರು ಕೇಳಿದ್ದರಲ್ಲ, ಅದಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ.