ಉಪ್ಪಲ್ಲ, ‘ಏ ಉಪ್’

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ನನ್ನ ಮಗಳು ಇಂಗ್ಲೆಂಡಿನ ಡರ್ಬಿಯಲ್ಲಿ ನರ್ಸ್. ವಾರ್ಡಿನಲ್ಲಿ ಒಬ್ಬ ಅಜ್ಜ ದಿನಾ ಬೆಳಗ್ಗೆ ‘ಏ ಉಪ್, ಮಿ ಡುಕ್’ ಅನ್ನುತ್ತಾರಂತೆ. ಮೊದಲ ದಿನ ಉಪ್ಪು ಕೇಳುತ್ತಿದ್ದಾರೆ ಅಂದುಕೊಂಡಳು. ‘ಡುಕ್’ ಅಂದರೆ ಬಾತುಕೋಳಿ ಅಂತ ಗೊತ್ತಾದ ಮೇಲೆ ಬೇಜಾರಾಗಿದ್ದಾಳೆ. ಇದು ಬೈಗುಳವೇ? ಎಲ್ಲಿಂದ ಬಂತು?”

ಬೇಜಾರು ಬೇಡ ಅಂತ ಇವತ್ತೇ ಮಗಳಿಗೆ ಫೋನ್ ಮಾಡಿ. ಅಜ್ಜ ಉಪ್ಪನ್ನೂ ಕೇಳಲಿಲ್ಲ, ಬೈಯಲೂ ಇಲ್ಲ. ‘ಏನಮ್ಮಾ, ಬಂದ್ಯಾ’ ಅಂದಿದ್ದಾರೆ, ಅಷ್ಟೇ.

ನಾವು ಶಾಲೆಯಲ್ಲಿ ಕಲಿತ ‘ಅಪ್’ ಅಲ್ಲಿ ‘ಉಪ್’ ಆಗುತ್ತದೆ. ಚಹಾ ಕುಡಿಯುವ ‘ಕಪ್’ ಅಲ್ಲಿ ‘ಕುಪ್’, ‘ಡಕ್’ ಅಲ್ಲಿ ‘ಡುಕ್’. ಹಳ್ಳಿ ಉಚ್ಚಾರ ಅಂತ ನಗಬೇಡಿ, ಹಳೆಯದು ಅವರದ್ದೇ! 17ನೇ ಶತಮಾನದಲ್ಲಿ ಇಂಗ್ಲೆಂಡಿನ ದಕ್ಷಿಣದವರು ‘ಉ’ ಬಿಟ್ಟು ‘ಅ’ ಕಡೆ ಹೊರಳಿದರು. ಡರ್ಬಿ ಕಡೆಯವರೂ ಉತ್ತರದವರೂ ಜಗ್ಗಲಿಲ್ಲ.

ಡರ್ಬಿ, ನಾಟಿಂಗ್‌ಹ್ಯಾಮ್, ಯಾರ್ಕ್‌ಷೈರ್ ಕಡೆ ‘ಏ ಉಪ್’ ಮಾಡುವ ಕೆಲಸವನ್ನು ನಮ್ಮಲ್ಲಿ ‘ಏ’ ಮಾಡುತ್ತದೆ. ‘ಏ, ಯಾವಾಗ ಬಂದ್ಯೋ?’ ಅಂದರೆ ಅಕ್ಕರೆ. ‘ಏ, ಹಿಂದೆ ಲಾರಿ!’ ಅಂದರೆ ಎಚ್ಚರಿಕೆ. ‘ಏ… ಇದೇನಿದು?’ ಅಂದರೆ ಅನುಮಾನ. ಮಾತು ಒಂದೇ, ರಾಗ ಬೇರೆ. ನಿಘಂಟು ತೆಗೆದು ನೋಡಿದರೆ ರಾಗ ಸಿಗುವುದಿಲ್ಲ ಅಲ್ವಾ?

ಇನ್ನು ಮೂಲ. ಡೆನ್ಮಾರ್ಕ್, ಸ್ವೀಡನ್ ಕಡೆಯಿಂದ ಹಡಗು ಹತ್ತಿ ದಾಳಿಗೆ ಹೊರಡುತ್ತಿದ್ದ ವೈಕಿಂಗರು ತಂದದ್ದು ಅನ್ನುವ ಕಥೆ ಆ ಕಡೆ ಜನಪ್ರಿಯ. ಸ್ವೀಡಿಷ್ ಭಾಷೆಯಲ್ಲಿ ‘ಸೆ ಉಪ್’ ಅಂದರೆ ‘ಹುಷಾರು’. ಕೇಳಿದರೆ ಹೌದು ಅನ್ನಿಸುತ್ತದೆ. 9ನೇ ಶತಮಾನದಲ್ಲಿ ಡೇನರು, ಅಂದರೆ ಡೆನ್ಮಾರ್ಕ್ ಕಡೆಯ ವೈಕಿಂಗರು, ಆ ಸೀಮೆಯನ್ನು ಗೆದ್ದು ನೆಲೆಸಿದ್ದೂ ನಿಜ. ಡರ್ಬಿಗೆ ಮೊದಲು ನಾರ್ತ್‌ವರ್ದಿ ಅನ್ನುವ ಹೆಸರಿತ್ತು. ಈಗಿನ ಹೆಸರಿನ ಕೊನೆಯ ‘ಬಿ’ ಡೇನರ ಮಾತು, ‘ಊರು’ ಅಂತ ಅರ್ಥ. ಯಾರ್ಕ್‌ಷೈರಿನಲ್ಲಿ ಆಟ ಆಡುವುದಕ್ಕೆ ‘ಲೇಕ್’ ಅನ್ನುವುದೂ ಅವರ ಕೊಡುಗೆಯೇ.

ಆದರೂ ‘ಏ ಉಪ್’ ವಿಷಯದಲ್ಲಿ ನಾನು ಈ ಕಥೆಯನ್ನು ಒಪ್ಪುವುದಿಲ್ಲ. 14ನೇ ಶತಮಾನದ ಕವಿ ಚಾಸರ್‌ನ ಪಾತ್ರಗಳೇ ‘ಏ’ ಅಂತ ಉದ್ಗರಿಸುತ್ತವೆ. ಮನೆಯಲ್ಲೇ ಇದ್ದ ‘ಏ’ ಜೊತೆ ಮನೆಯಲ್ಲೇ ಇದ್ದ ‘ಉಪ್’ ಸೇರಲು ಹಡಗು ಹತ್ತಿ ಯಾರೂ ಬರಬೇಕಿರಲಿಲ್ಲ. ಕಿವಿಗೆ ಒಂದೇ ತರ ಕೇಳಿದ್ದೆಲ್ಲ ನೆಂಟಸ್ತಿಕೆ ಆದರೆ ನಿಮ್ಮ ಮಗಳ ಉಪ್ಪೂ ಸರಿಯೇ.

ಬಾತುಕೋಳಿಯ ಕಥೆ ಇದಕ್ಕಿಂತ ಸುಲಭ. ಶೇಕ್ಸ್‌ಪಿಯರ್‌ನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲೇ ಪ್ರಿಯತಮೆಯನ್ನು ‘ಡಕ್’ ಅಂತ ಕರೆಯುವ ಮಾತಿದೆ. ಇದನ್ನೂ ಕೆಲವರು ಯಾವುದೋ ದೊರೆಯ ಬಿರುದಿಗೆ ಗಂಟು ಹಾಕುತ್ತಾರೆ. ಸುಮ್ನೆ ಯಾಕೆ? ನಾವು ಮಕ್ಕಳನ್ನು ‘ನನ್ನ ಗಿಣಿ’ ಅಂತ ಮುದ್ದು ಮಾಡುವುದಿಲ್ಲವೇ? ವ್ಯತ್ಯಾಸ ಇಷ್ಟೇ, ಅಲ್ಲಿ ಅಂಗಡಿಯವನು ಗಿರಾಕಿಗೂ ಅನ್ನುತ್ತಾನೆ, ಮೀಸೆ ಹೊತ್ತ ಗಂಡಸರು ಒಬ್ಬರಿಗೊಬ್ಬರೂ ಅನ್ನುತ್ತಾರೆ.

ಉತ್ತರ ಏನು ಕೊಡಬೇಕು ಅಂತ ಮಗಳು ಕೇಳಿದರೆ, ಅದೂ ‘ಏ ಉಪ್’ ಅನ್ನಿ. ಆದರೆ ಬಾತುಕೋಳಿ ಇಲ್ಲದೆ, ಹಿಂದಿನಿಂದ, ಜೋರಾಗಿ ಕೇಳಿಸಿತೋ, ಉತ್ತರ ಆಮೇಲೆ ಕೊಡಲಿ. ಮೊದಲು ಪಕ್ಕಕ್ಕೆ ಸರಿಯಲಿ. ಸ್ಟ್ರೆಚರ್ ಬರುತ್ತಿರಬಹುದು.

– ಸಂ.